ಹೀಬ್ರೂ ಅಕ್ಷರಕ್ರಮ ಮತ್ತು ಶಾಸ್ತ್ರದ ಕಂಠಪಾಠ

ಯೆಹೂದ್ಯರ ಧರ್ಮಗ್ರಂಥದ ಕೆಲವು ಪದ್ಯಭಾಗಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಅನುಕ್ರಮಕ್ಕೆ ಹೊಂದಿಕೊಂಡು ರಚಿತವಾಗಿವೆ. ಒಂದೊಂದು ಅಕ್ಷರವನ್ನು ಒಂದೊಂದು ವಚನಕ್ಕೋ ವಚನಗುಚ್ಛಕ್ಕೋ ಕುರುಹಾಗಿ ಇರಿಸಿಕೊಂಡು, ಆ ಭಾಗಗಳನ್ನು ಪುಸ್ತಕದ ನೆರವಿಲ್ಲದೆ ಮೊದಲಿನಿಂದ ಕಡೆಯವರೆಗೆ ಒಪ್ಪಿಸುವ ಪದ್ಧತಿಯೇ ಈ ಲೇಖನದ ವಿಷಯ. ಯೆರೂಸಲೇಮಿನ ಸುತ್ತಮುತ್ತ ಹುಟ್ಟಿದ ಈ ಪದ್ಧತಿಯು ಲ್ಯಾಟಿನ್, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಭಾಷಾಂತರಗಳ ದಾರಿಯಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಅದರ ಹೆಬ್ಬಾಗಿಲಿನಂತಿರುವ ಬಂಗಾರಪೇಟೆಗೂ ಬಂದು ತಲಪಿದ ಬಗೆ ಗಮನಾರ್ಹವಾದುದು. ನಾಲ್ಕೈದು ಭಾಷೆಗಳೂ ಅಷ್ಟೇ ಲಿಪಿಗಳೂ ಒಂದೇ ಬೀದಿಯಲ್ಲಿ ಬಳಕೆಯಾಗುವ ಆ ಊರುಗಳಲ್ಲಿ, ಅಕ್ಷರವನ್ನು ಆಶ್ರಯಿಸಿ ಶಾಸ್ತ್ರವನ್ನು ಉಳಿಸಿಕೊಳ್ಳುವ ಅನ್ಯ ಸಂಪ್ರದಾಯಗಳೂ ಜೊತೆಜೊತೆಯಾಗಿ ಬಾಳಿವೆ.

ಹೀಬ್ರೂ ವರ್ಣಮಾಲೆಯು ಆಲೆಫ್ ಎಂಬ ಅಕ್ಷರದಿಂದ ಮೊದಲಾಗಿ ತಾವ್ ಎಂಬುದರಲ್ಲಿ ಮುಗಿಯುತ್ತದೆ. ಎಲ್ಲವೂ ವ್ಯಂಜನಗಳೇ; ಸ್ವರಗಳನ್ನು ಸೂಚಿಸುವ ಚುಕ್ಕೆಗೆರೆಗಳು ಕ್ರಿಸ್ತಶಕದ ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಿ, ಮಸೋರೆತರೆಂದು ಹೆಸರಾದ ಪಾಠರಕ್ಷಕ ವಿದ್ವಾಂಸರ ಕೈಯಲ್ಲಿ ಸಿದ್ಧವಾದವು. ಅಕ್ಷರಗಳ ಈ ಅನುಕ್ರಮ ಅತ್ಯಂತ ಪುರಾತನವಾದುದು. ಸಿರಿಯದ ಕರಾವಳಿಯ ಉಗಾರಿತ್ ನಗರದ ಅವಶೇಷಗಳಲ್ಲಿ ದೊರೆತ, ಕ್ರಿಸ್ತಪೂರ್ವ 14-13ನೆಯ ಶತಮಾನಗಳ ಮಣ್ಣಿನ ಹಲಗೆಗಳ ಮೇಲೆ ಬೆಣೆಲಿಪಿಯಲ್ಲಿ ಬರೆದ 30 ಅಕ್ಷರಗಳ ಸಾಲು ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತದೆ. ಯೂದಾಯದ ಲಾಕೀಷ್ ಕೋಟೆಯ ಮೆಟ್ಟಿಲೊಂದರ ಮೇಲೆ ಮೊದಲ ಐದು ಅಕ್ಷರಗಳನ್ನು ಯಾರೋ ಗೀಚಿಟ್ಟಿರುವುದು 1930ರ ದಶಕದ ಉತ್ಖನನದಲ್ಲಿ ಕಂಡುಬಂದಿತು. ಅಕ್ಷರಾಭ್ಯಾಸ ಮಾಡುತ್ತಿದ್ದವನ ಕೈಬರಹವಿರಬೇಕೆಂದು ಅನೇಕರು ಊಹಿಸಿದ್ದಾರೆ. ಹೀಗೆ ಶಾಸ್ತ್ರವನ್ನು ಕಲಿಯುವುದಕ್ಕೆ ಮೊದಲೇ ನಾಲಗೆಗೆ ಹತ್ತಿ, ಇನ್ನೆಂದೂ ಮರೆಯದಂತೆ ನೆಲೆನಿಂತ ಸರಣಿಯೊಂದು ಪ್ರತಿಯೊಬ್ಬ ಓದುಬಲ್ಲವನಲ್ಲಿಯೂ ಇದ್ದೇ ಇರುತ್ತಿತ್ತಾದ್ದರಿಂದ, ಹೊಸದಾಗಿ ಕಲಿಯತಕ್ಕದ್ದನ್ನು ಆ ಸರಣಿಗೇ ತೂಗುಹಾಕುವುದು ಕವಿಗಳಿಗೂ ಗುರುಗಳಿಗೂ ಸಹಜವಾಗಿ ಹೊಳೆದ ಉಪಾಯ.

ಹೀಬ್ರೂ ಬೈಬಲ್ಲಿನಲ್ಲಿ ಈ ಕಟ್ಟಡ ಬಹುವಾಗಿ ಕಾಣುವುದು ಕೀರ್ತನೆಗಳ ಗ್ರಂಥದಲ್ಲಿ. 25, 34, 37, 111, 112, 119, 145ನೆಯ ಕೀರ್ತನೆಗಳು ಅಕ್ಷರಕ್ರಮದವು. 9 ಮತ್ತು 10ನೆಯವು ಮೂಲದಲ್ಲಿ ಒಂದೇ ಕೀರ್ತನೆಯಾಗಿದ್ದು, ಅಕ್ಷರಸರಣಿ ಅಲ್ಲಲ್ಲಿ ಹರಿದುಹೋದ ಸ್ಥಿತಿಯಲ್ಲಿ ಎರಡಕ್ಕೂ ಹಬ್ಬಿಕೊಂಡಿದೆ. 111 ಮತ್ತು 112ರಲ್ಲಿ ಅರ್ಧವಚನಕ್ಕೊಂದರಂತೆ ಅಕ್ಷರಗಳು ಸಾಗುವುದರಿಂದ ಹತ್ತು ಹತ್ತು ವಚನಗಳಲ್ಲಿಯೇ 22 ಅಕ್ಷರಗಳೂ ಮುಗಿದುಹೋಗುತ್ತವೆ. ಜ್ಞಾನೋಕ್ತಿಗಳ ಕಡೆಯ ಅಧ್ಯಾಯದಲ್ಲಿ ಗುಣವತಿಯಾದ ಗೃಹಿಣಿಯನ್ನು ಕುರಿತ 22 ವಚನಗಳು ಇದೇ ಬಗೆಯವು. ಯೆಹೂದ್ಯರ ಮನೆಗಳಲ್ಲಿ ಶುಕ್ರವಾರದ ಸಂಜೆ ಸಬ್ಬತ್ತಿನ ಊಟಕ್ಕೆ ಮೊದಲು ಇವುಗಳನ್ನು ಹಾಡುವ ಸಂಪ್ರದಾಯವಿದೆ. ನಹೂಮನ ಪ್ರವಾದನೆಯ ಮೊದಲ ಅಧ್ಯಾಯದಲ್ಲಿಯೂ ಅಪೂರ್ಣವಾದ ಸರಣಿಯೊಂದರ ಜಾಡು ಕಾಣುತ್ತದೆ.

ಪ್ರಲಾಪಗಳ ಗ್ರಂಥವಂತೂ ವಿಶೇಷ ಪರಿಶೀಲನೆಗೆ ಅರ್ಹವಾದುದು. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ನಾಶಮಾಡಿದ ದುಃಖವನ್ನು ಹೇಳುವ ಈ ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಅಕ್ಷರಕ್ರಮದವು. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳಿವೆ. ಐದನೆಯದರಲ್ಲಿ ವಚನಗಳ ಸಂಖ್ಯೆ 22 ಆಗಿಯೇ ಉಳಿದರೂ ಅಕ್ಷರಗಳ ಕಟ್ಟು ಕಳಚಿಹೋಗಿದೆ. ದುಃಖಕ್ಕೆ ಮೇರೆಯಿಲ್ಲವೆಂದು ತೋರುವ ಹೊತ್ತಿನಲ್ಲಿ ಅದನ್ನು ಆದಿಯಿಂದ ಅಂತ್ಯದವರೆಗೆ ಅಳೆದು ಹೇಳಿ ಮುಗಿಸುವ ಧೈರ್ಯವನ್ನು ಅಕ್ಷರಮಾಲೆಯು ಕವಿಗೆ ಒದಗಿಸಿಕೊಟ್ಟಿತೆಂದು ಭಾವಿಸುವುದಕ್ಕೆ ಅವಕಾಶವಿದೆ. ಇದೇ ಗ್ರಂಥದ 2, 3, 4ನೆಯ ಅಧ್ಯಾಯಗಳಲ್ಲಿ ಆಯಿನ್ ಎಂಬ ಅಕ್ಷರಕ್ಕೆ ಮೊದಲು ಪೇ ಎಂಬುದು ಬರುತ್ತದೆ. ಇದು ಲಿಪಿಕಾರರ ಕೈತಪ್ಪೆಂದು ಒಂದು ಕಾಲದಲ್ಲಿ ತಿಳಿಯಲಾಗಿತ್ತು. ಇಜ್ಬೆತ್ ಸರ್ತಾ ಎಂಬಲ್ಲಿ 1976ರಲ್ಲಿ ದೊರೆತ ಮಡಕೆಯ ಚೂರಿನ ಮೇಲೂ ಅದೇ ವಿಪರ್ಯಾಸವಿದ್ದುದು ಕಂಡುಬಂದ ಮೇಲೆ, ಪ್ರಾಚೀನ ಇಸ್ರಾಯೇಲಿನಲ್ಲಿ ಈ ಎರಡು ಅಕ್ಷರಗಳಿಗೆ ಎರಡು ಬಗೆಯ ಅನುಕ್ರಮಗಳು ರೂಢಿಯಲ್ಲಿದ್ದವೆಂಬುದು ಸ್ಪಷ್ಟವಾಯಿತು.

ಅಕ್ಷರಕ್ರಮವು ಸ್ಮೃತಿಗೆ ಆಸರೆಯಾಗುವುದಷ್ಟೇ ಅಲ್ಲದೆ ಪಾಠಕ್ಕೆ ಕಾವಲನ್ನೂ ಒದಗಿಸುತ್ತದೆ. 145ನೆಯ ಕೀರ್ತನೆಯ ಮಸೋರೆತ ಪಾಠದಲ್ಲಿ ಮೇಮ್ ಆದಮೇಲೆ ನೂನ್ ಅಕ್ಷರದ ವಚನವೇ ಇಲ್ಲದೆ ಸಾಮೆಖ್ ಬಂದುಬಿಡುತ್ತದೆ. ಓದಿಕೊಂಡು ಹೋಗುವವನಿಗೆ ಈ ಲೋಪ ಗೋಚರವಾಗದಿರಬಹುದು. ಅಕ್ಷರ ಹಿಡಿದು ಒಪ್ಪಿಸುವವನಿಗೆ ತಟ್ಟನೆ ತಿಳಿಯುತ್ತದೆ. ಯೆಹೂದ್ಯ ಗುರುಗಳು ಇದಕ್ಕೆ ಕಾರಣವನ್ನು ಹುಡುಕಿದರು. ಇಸ್ರಾಯೇಲಿನ ಪತನವನ್ನು ಸಾರುವ ಆಮೋಸನ ವಚನವೊಂದು ಆ ಅಕ್ಷರದಿಂದ ಆರಂಭವಾಗುವುದರಿಂದ ದಾವೀದನು ಅದನ್ನು ಬಿಟ್ಟನೆಂದು ತಾಲ್ಮೂದಿನಲ್ಲಿ ಒಂದು ವಿವರಣೆ ಬರುತ್ತದೆ. ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿ ಮಾತ್ರ ಆ ಸ್ಥಳದಲ್ಲಿ ವಚನವೊಂದು ಇದ್ದೇ ಇತ್ತು. ಮೃತಸಮುದ್ರದ ಬಳಿಯ ಕುಮ್ರಾನಿನ 11ನೆಯ ಗುಹೆ 1956ರಲ್ಲಿ ಪತ್ತೆಯಾಗಿ, ಅಲ್ಲಿಯ ಕೀರ್ತನೆಗಳ ಸುರುಳಿಯನ್ನು ಬಿಚ್ಚಿ ಓದಿದಾಗ ಹೀಬ್ರೂವಿನಲ್ಲಿಯೂ ನೂನ್ ವಚನ ಕಾಣಿಸಿಕೊಂಡಿತು.

ಈ ಜಾತಿಯ ರಚನೆಗಳಲ್ಲೆಲ್ಲ ಮುಕುಟಪ್ರಾಯವಾದುದು 119ನೆಯ ಕೀರ್ತನೆ. ಅಕ್ಷರಕ್ಕೆ ಎಂಟರಂತೆ 22 ಗುಚ್ಛಗಳು, ಒಟ್ಟು 176 ವಚನಗಳು. ಒಂದು ಗುಚ್ಛದ ಎಂಟು ವಚನಗಳೂ ಅದೇ ಅಕ್ಷರದಿಂದ ಆರಂಭವಾಗತಕ್ಕವು. ಧರ್ಮಶಾಸ್ತ್ರ, ಕಟ್ಟಳೆ, ನಿಯಮ, ವಿಧಿ, ಆಜ್ಞೆ, ನ್ಯಾಯತೀರ್ಪು, ವಾಕ್ಯ, ನುಡಿ ಎಂದು ಕನ್ನಡದಲ್ಲಿ ಹೇಳಬಹುದಾದ ಎಂಟು ಪದಗಳನ್ನು ಕವಿ ಮತ್ತೆ ಮತ್ತೆ ಹೊಸ ಹೊಸ ಕ್ರಮದಲ್ಲಿ ಪೋಣಿಸುತ್ತಾನೆ. ಕೆಲವೇ ವಚನಗಳ ಹೊರತು ಉಳಿದೆಲ್ಲದರಲ್ಲಿಯೂ ಇವುಗಳಲ್ಲಿ ಒಂದಾದರೂ ಇರುತ್ತದೆ. ಭಾಷಾಂತರದಲ್ಲಿ ಮಾತ್ರ ಓದಿದವರು ಈ ಕೀರ್ತನೆಯನ್ನು ಪುನರುಕ್ತಿಯ ಭಾರದಿಂದ ಬಳಲಿದ ರಚನೆಯೆಂದು ದೂರುವುದುಂಟು. ಮೂಲದ ಅಕ್ಷರಗಳನ್ನು ಒಂದು ಸಲ ಕಣ್ಣಾರೆ ಕಂಡವರು ಹಾಗೆ ಹೇಳಲಾರರು.

ಉದಾಹರಣೆಗಾಗಿ 9ರಿಂದ 16ರವರೆಗಿನ ಬೇತ್ ಗುಚ್ಛವನ್ನು ಹತ್ತಿರದಿಂದ ನೋಡಬಹುದು. ವಚನಗಳ ಮೊದಲ ಪದಗಳು ಕ್ರಮವಾಗಿ ಬಮ್ಮೆ, ಬೆಖೋಲ್, ಬೆಲಿಬ್ಬೀ, ಬಾರೂಖ್, ಬಿಸ್ಫಾತೈ, ಬೆದೆರೆಖ್, ಬೆಫಿಕ್ಕುದೇಖಾ, ಬೆಹುಕ್ಕೋತೇಖಾ. ಇವುಗಳಲ್ಲಿ ನಾಲ್ಕನೆಯದನ್ನು ಬಿಟ್ಟರೆ ಉಳಿದ ಏಳರಲ್ಲಿಯೂ ಬಕಾರವು ಪದದ ಮೂಲಾಕ್ಷರವಾಗಿರದೆ, ಕನ್ನಡದ ‘ಇಂದ’, ‘ಅಲ್ಲಿ’ ಎಂಬ ವಿಭಕ್ತಿಪ್ರತ್ಯಯಗಳ ಕೆಲಸವನ್ನು ಮಾಡುವ, ಪದದ ಹಿಂದೆ ನಿಲ್ಲುವ ಬದಲು ಮುಂದೆ ಹತ್ತಿಕೊಳ್ಳುವ ಉಪಸರ್ಗವಾಗಿದೆ. ಆದಕಾರಣ ಇಡೀ ಗುಚ್ಛವು ಏತರಿಂದ, ಯಾವುದರಲ್ಲಿ ಎಂಬ ಒಂದೇ ಬಗೆಯ ವಾಕ್ಯಸರಣಿಯಾಗಿ ಹರಿಯುತ್ತದೆ: ಯೌವನಸ್ಥನು ತನ್ನ ನಡತೆಯನ್ನು ಏತರಿಂದ ಶುದ್ಧವಾಗಿಟ್ಟುಕೊಂಡಾನೆಂಬ ಪ್ರಶ್ನೆಯಿಂದ ಹೊರಟು, ಪೂರ್ಣಹೃದಯದಿಂದ, ಹೃದಯದಲ್ಲಿ, ತುಟಿಗಳಿಂದ, ಮಾರ್ಗದಲ್ಲಿ, ನಿಯಮಗಳಲ್ಲಿ, ವಿಧಿಗಳಲ್ಲಿ ಎಂದು ಒಳಗಿನಿಂದ ಹೊರಕ್ಕೂ ಮತ್ತೆ ಒಳಕ್ಕೂ ಸಂಚರಿಸುತ್ತದೆ. ದೇವರ ಮಾತನ್ನು ಹೃದಯದಲ್ಲಿ ಬಚ್ಚಿಟ್ಟುಕೊಂಡೆನೆಂಬ ಪ್ರಸಿದ್ಧವಾದ ಭಾವವೂ ಅದನ್ನು ಮರೆಯೆನೆಂಬ ಪ್ರತಿಜ್ಞೆಯೂ ಬರುವುದು ಈ ಗುಚ್ಛದಲ್ಲಿಯೇ. ಹೀಬ್ರೂವಿನಲ್ಲಿ ವಾವ್ ಅಕ್ಷರದಿಂದ ಮೊದಲಾಗುವ ಪದಗಳು ಅತಿವಿರಳ. ಆದ್ದರಿಂದ ಕವಿಯು ಆರನೆಯ ಗುಚ್ಛದ ಎಂಟು ವಚನಗಳನ್ನೂ ‘ಮತ್ತು’ ಎಂಬ ಅರ್ಥದ, ಪದಾದಿಗೆ ಅಂಟುವ ಅದೇ ಅಕ್ಷರದಿಂದ ತೆರೆದು, ಎಂಟೂ ಪ್ರಾರ್ಥನೆಗಳು ಒಂದೇ ಉಸಿರಿನಲ್ಲಿ ಹೊಮ್ಮಿದಂತೆ ಮಾಡಿದ್ದಾನೆ. ರೇಷ್ ಗುಚ್ಛದಲ್ಲಿ ‘ನೋಡು’ ಎಂಬರ್ಥದ ಪದವು ಆರಂಭದಲ್ಲೊಮ್ಮೆ, ಏಳನೆಯ ವಚನದ ತಲೆಯಲ್ಲಿ ಮತ್ತೊಮ್ಮೆ ಬಂದು ನಡುವಿನ ವಚನಗಳಿಗೆ ಆವರಣ ಹಾಕಿದಂತಿದೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸುವುದು ನ್ಯಾಯ. ಎಂಟು ವಚನಗಳೂ ಒಂದೇ ಅಕ್ಷರದಿಂದ ಮೊದಲಾಗುವಾಗ, ಅವುಗಳಲ್ಲಿ ಯಾವುದು ಮೊದಲು ಯಾವುದು ಅನಂತರವೆಂಬುದನ್ನು ಅಕ್ಷರವು ಹೇಳಲಾರದು. ಆದಕಾರಣ ಅಕ್ಷರಕ್ರಮದ ಉದ್ದೇಶವು ಸ್ಮರಣೆಯಲ್ಲ, ಆಲೆಫಿನಿಂದ ತಾವ್‌ವರೆಗೆ ಎಲ್ಲವನ್ನೂ ಹೇಳಿ ತೀರಿಸಿದೆನೆಂಬ ಪರಿಪೂರ್ಣತೆಯ ಸೂಚನೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ವಾದದ ಪೂರ್ವಾರ್ಧ ನಿಜವಾದುದು. ಉತ್ತರಾರ್ಧವನ್ನು ಮಾತ್ರ ಪೂರ್ತಿಯಾಗಿ ಒಪ್ಪಲಾಗದು. ದೀರ್ಘಪಾಠವನ್ನು ಬಾಯಿಗೆ ತಂದುಕೊಳ್ಳುವವನಿಗೆ ಎರಡು ಬಗೆಯ ತೊಡಕುಗಳಿರುತ್ತವೆ: ನಡುವೆ ಎಲ್ಲಿಯೋ ಒಂದು ಭಾಗವೇ ಜಾರಿಹೋಗುವುದು ಒಂದು, ಭಾಗದೊಳಗಿನ ಸಾಲು ಹಿಂದುಮುಂದಾಗುವುದು ಮತ್ತೊಂದು. ಮೊದಲನೆಯದನ್ನು ಅಕ್ಷರವು ಸಂಪೂರ್ಣವಾಗಿ ನಿವಾರಿಸುತ್ತದೆ. ಎರಡನೆಯದನ್ನು ಅರ್ಥದ ನಡೆಯೂ ರಾಗದ ಏರಿಳಿತವೂ ಪುನರಾವೃತ್ತಿಯೂ ನೋಡಿಕೊಳ್ಳಬೇಕು. 176 ವಚನಗಳ ಹೊರೆಯನ್ನು ಎಂಟೆಂಟರ 22 ಪಾಲುಗಳನ್ನಾಗಿ ಮಾಡಿ, ಪ್ರತಿಪಾಲಿಗೂ ಮರೆಯಲಾಗದ ಒಂದು ಹೆಸರನ್ನು ಕೊಟ್ಟದ್ದೇ ದೊಡ್ಡ ಉಪಕಾರ.

ಯೆಹೂದ್ಯ ಪರಂಪರೆಯಲ್ಲಿ ಕುರುಹುಗಳ ಮೂಲಕ ಕಲಿಯುವ ಅಭ್ಯಾಸ ಶಾಸ್ತ್ರಸಮ್ಮತವಾದುದು. ಕುರುಹುಗಳಿಲ್ಲದೆ ಧರ್ಮವಿದ್ಯೆ ಕೈವಶವಾಗದೆಂಬ ಅಭಿಪ್ರಾಯ ತಾಲ್ಮೂದಿನ ಎರೂವಿನ್ ಎಂಬ ಪ್ರಕರಣದಲ್ಲಿ ಬರುತ್ತದೆ. ಶಬ್ಬಾತ್ ಪ್ರಕರಣದಲ್ಲಿ, ಪಾಠಶಾಲೆಯ ಎಳೆಯ ಮಕ್ಕಳು ಆಲೆಫ್-ಬೇತ್ ಎಂಬ ಜೋಡಿಯಿಂದ ಜ್ಞಾನವನ್ನು ಕಲಿಯಬೇಕೆಂಬ ಉಪದೇಶವನ್ನೂ, ಗೀಮೆಲ್-ದಾಲೆತ್ ಎಂಬ ಜೋಡಿಯಿಂದ ಬಡವರಿಗೆ ಉಪಕಾರ ಮಾಡಬೇಕೆಂಬ ಉಪದೇಶವನ್ನೂ ಹೊರಡಿಸಿ, ಹೀಗೆಯೇ ಮುಂದಿನ ಅಕ್ಷರಗಳಿಗೂ ಅರ್ಥ ಹೇಳಿ ಹಿರಿಯರನ್ನು ಬೆರಗುಗೊಳಿಸಿದ ಸೊಗಸಾದ ಪ್ರಸಂಗವಿದೆ. ಐಗುಪ್ತದ ಹತ್ತು ಬಾಧೆಗಳ ಮೊದಲಕ್ಷರಗಳನ್ನು ಮೂರು ಕೂಟಗಳಾಗಿ ಸೇರಿಸಿ ರಬ್ಬಿ ಯೆಹೂದನು ಮಾಡಿಕೊಟ್ಟ ಸಂಕ್ಷೇಪವನ್ನು ಪಸ್ಕದ ರಾತ್ರಿ ಇಂದಿಗೂ ಓದುತ್ತಾರೆ. ತೀರಿಕೊಂಡವರ ನೆನಪಿಗಾಗಿ, ಅವರ ಹೆಸರಿನ ಅಕ್ಷರಗಳಿಗೆ ಸಲ್ಲುವ ಗುಚ್ಛಗಳನ್ನು 119ನೆಯ ಕೀರ್ತನೆಯಿಂದ ಆಯ್ದು ಓದುವುದೂ ರೂಢಿಯಲ್ಲಿದೆ. ಈ ಕೀರ್ತನೆಯನ್ನು ಒಬ್ಬೊಬ್ಬ ಮನುಷ್ಯನ ಹೆಸರಿನೊಡನೆ ಬೆಸೆಯುವ ಈ ಆಚಾರದಲ್ಲಿ ಅಕ್ಷರವಿದ್ಯೆಯ ಅತ್ಯಂತ ಮಾನವೀಯವಾದ ಮುಖವನ್ನು ಕಾಣಬಹುದು.

ಕ್ರೈಸ್ತರಲ್ಲಿ ಈ ವಿದ್ಯೆಗೆ ಆದರ ತಂದುಕೊಟ್ಟವರಲ್ಲಿ ಸಂತ ಜೆರೋಮ್ ಪ್ರಮುಖರು. 384ರ ಸುಮಾರಿಗೆ ರೋಮಿನಲ್ಲಿದ್ದಾಗ, ತಮ್ಮಲ್ಲಿ ಹೀಬ್ರೂ ಕಲಿಯುತ್ತಿದ್ದ ಪೌಲಾ ಎಂಬ ವಿದುಷಿಗೆ ಅಕ್ಷರಕ್ರಮದ ಕೀರ್ತನೆಗಳನ್ನು ವಿವರಿಸಿ ಪತ್ರ ಬರೆದರು. ಲ್ಯಾಟಿನ್ ಭಾಷಾಂತರದ ಪ್ರಲಾಪಗಳಲ್ಲಿ ಅಕ್ಷರಕ್ರಮ ಅಳಿದುಹೋದರೂ ಅಕ್ಷರಗಳ ಹೆಸರುಗಳು ಮಾತ್ರ ವಚನಗಳ ಮುಂದೆ ಉಳಿದುಕೊಂಡವು. ಪವಿತ್ರ ವಾರದ ಕೊನೆಯ ದಿನಗಳಲ್ಲಿ ಅವುಗಳನ್ನು ಹಾಡುವಾಗ ಗಾಯಕರು ಆಲೆಫ್, ಬೇತ್ ಎಂಬ ಹೆಸರುಗಳನ್ನೂ ದೀರ್ಘವಾಗಿ ಆಲಾಪಿಸುತ್ತಿದ್ದರು. ಲ್ಯಾಟಿನ್ ಪಾಠದಲ್ಲಿ ಅರ್ಥವೇನೂ ಇಲ್ಲದ ಆ ಹೆಸರುಗಳಿಗೆ ಯೂರೋಪಿನ ವಾಗ್ಗೇಯಕಾರರು ಅತಿಮನೋಹರವಾದ ಸ್ವರಗಳನ್ನು ಕೂಡಿಸಿದ್ದಾರೆ.

ಇನ್ನು ಕೋಲಾರದ ಸೀಮೆಗೆ ಬರೋಣ. ಜಾನ್ ಟೇಲರ್ ಕಂಪನಿಯವರು 1880ರಿಂದ ಮುಂದಕ್ಕೆ ಗಣಿಗಾರಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡ ಮೇಲೆ, ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮುಂತಾದ ಕಡೆಗಳಿಂದ ತಮಿಳು, ತೆಲುಗು ಮಾತಾಡುವ ಕುಟುಂಬಗಳು ಸಹಸ್ರಸಂಖ್ಯೆಯಲ್ಲಿ ಬಂದು ಗಣಿಯ ಲೈನುಮನೆಗಳಲ್ಲಿ ನೆಲೆಸಿದುವು. ಬೌರಿಂಗ್‌ಪೇಟೆಯೆಂದು ಕರೆಯಲಾಗುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ರೈಲುದಾರಿ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಗಳಲ್ಲಿ ಕ್ಯಾಥೊಲಿಕ್, ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳವರ ದೇವಾಲಯಗಳು ಎದ್ದವು. ಆರಾಧನೆ ನಡೆದುದು ಆಯಾ ಸಭೆಯವರ ಭಾಷೆಯಲ್ಲಿ; ಹೀಗಾಗಿ ಒಂದೇ ಕೀರ್ತನೆ ಅಲ್ಲಿ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಕೇಳಬರುವಂತಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆಯೂ ಈ ಬಹುಭಾಷಿಕತೆ ಉಳಿದಿದೆ.

ತಮಿಳು ಹಾಗೂ ತೆಲುಗು ಬೈಬಲ್ಲುಗಳ ರೂಢಿಯ ಮುದ್ರಣಗಳಲ್ಲಿಯೂ ಕನ್ನಡದ ಕೆಲವು ಮುದ್ರಣಗಳಲ್ಲಿಯೂ 119ನೆಯ ಕೀರ್ತನೆಯ ಗುಚ್ಛಗಳ ತಲೆಯ ಮೇಲೆ ಆಲೆಫ್, ಬೇತ್ ಮೊದಲಾದ ಹೆಸರುಗಳನ್ನು ಅಚ್ಚುಹಾಕಿರುತ್ತಾರೆ. ಭಾಷಾಂತರದಲ್ಲಿ ವಚನಗಳು ಬೇರೆ ಬೇರೆ ಅಕ್ಷರಗಳಿಂದ ಆರಂಭವಾಗುವುದರಿಂದ, ಈ ಹೆಸರುಗಳಿಗೂ ಕೆಳಗಿನ ಸಾಲುಗಳಿಗೂ ಕಿವಿಯ ಸಂಬಂಧವೇನೂ ಉಳಿದಿಲ್ಲ. ಆದರೂ ಅವು ವ್ಯರ್ಥವಾಗಿಲ್ಲ. ದಕ್ಷಿಣದ ಸಭೆಗಳಲ್ಲಿ ಭಾನುವಾರ ಶಾಲೆಯ ಮಕ್ಕಳಿಗೆ ಬಾಯಿಪಾಠದ ವಚನಗಳನ್ನು ಕೊಟ್ಟು, ತಮಿಳಿನವರು ಮನಪ್ಪಾಡವೆನ್ನುವ ಆ ಒಪ್ಪಿಸುವಿಕೆಗೆ ಬಹುಮಾನವಿಡುವ ವಾಡಿಕೆ ಹಿಂದಿನಿಂದಲೂ ಇದೆ. ಅಂಥ ಕಲಿಕೆಗೆ ಈ ಕೀರ್ತನೆಯನ್ನು ತೆಗೆದುಕೊಂಡಾಗ, ವಚನಸಂಖ್ಯೆಯನ್ನು ಹಿಡಿದು ಕಲಿಯುವುದಕ್ಕಿಂತ ಹೆಸರನ್ನು ಹಿಡಿದು ಕಲಿಯುವುದು ಸುಲಭ. ಮೊದಲು 22 ಹೆಸರುಗಳನ್ನು ಹಾಡಿನಂತೆ ಬಾಯಿಗೆ ತಂದುಕೊಂಡು, ದಿನಕ್ಕೊಂದು ಹೆಸರಿನ ಎಂಟು ವಚನಗಳನ್ನು ಕೂಡಿಸುತ್ತ, ಹೊಸ ಗುಚ್ಛಕ್ಕೆ ಕೈಹಾಕುವ ಮೊದಲು ಹಿಂದಿನದನ್ನು ಒಪ್ಪಿಸಿ, ಪ್ರತಿಗುಚ್ಛದ ಮೊದಲ ಪದವನ್ನು ಅದರ ಹೆಸರಿಗೆ ಗಂಟುಹಾಕಿಕೊಂಡರೆ, ಎಲ್ಲಿಂದ ಕೇಳಿದರೂ ಅಲ್ಲಿಂದ ಎತ್ತಿಕೊಂಡು ಹೇಳುವ ಶಕ್ತಿ ಬರುತ್ತದೆ. ಸಂಖ್ಯೆಗಳು ಒಂದರ ಹಾಗೆ ಒಂದಿದ್ದು ಬೆರೆತುಹೋಗುತ್ತವೆ. ಲಾಮೆದ್ ಎಂಬುದು ಸಾಮೆಖ್ ಎಂಬುದರೊಡನೆ ಅಷ್ಟು ಬೇಗ ಬೆರೆಯದು.

ಲಿಪಿಯ ಭೇದವು ಇಲ್ಲಿ ಪರಿಣಾಮಕಾರಿಯಾಗುತ್ತದೆ. ತಮಿಳು ಲಿಪಿಯಲ್ಲಿ ಬಕಾರ-ಪಕಾರಗಳಿಗೂ ಗಕಾರ-ಕಕಾರಗಳಿಗೂ ಪ್ರತ್ಯೇಕವಾದ ಅಕ್ಷರಗಳಿಲ್ಲದ್ದರಿಂದ ಬೇತ್ ಮತ್ತು ಪೇ ಎರಡೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಗೀಮೆಲ್, ಕಾಫ್, ಕೋಫ್ ಮೂರೂ ಒಂದೇ ಅಕ್ಷರದಲ್ಲಿ ಕೂಡಿಕೊಳ್ಳುತ್ತವೆ. ಬಕಾರವನ್ನೂ ಗಕಾರವನ್ನೂ ಬೇರೆಯಾಗಿ ಬರೆಯುವ ಕನ್ನಡ, ತೆಲುಗು ಲಿಪಿಗಳಲ್ಲಿ ಈ ತೊಡಕು ಕಡಮೆ. ಹಾಗಿದ್ದರೂ ಕಾಫ್-ಕೋಫ್‌ಗಳ ಭೇದವನ್ನಾಗಲಿ ತೇತ್-ತಾವ್‌ಗಳ ಭೇದವನ್ನಾಗಲಿ ನಮ್ಮ ಲಿಪಿಯೂ ಪೂರ್ತಿಯಾಗಿ ತೋರಿಸಲಾರದು. ಶ್ರದ್ಧೆಯುಳ್ಳ ವಿದ್ಯಾರ್ಥಿಯು ಹೆಸರುಗಳೊಡನೆ 22 ಹೀಬ್ರೂ ಅಕ್ಷರಗಳ ಆಕಾರವನ್ನೂ ಕಲಿತುಬಿಡುವುದೇ ಲೇಸು; ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಗೆದ್ದ ಮಗುವಿಗೆ ಅದೇನೂ ಹೊರೆಯಾಗದು.

ಹೀಬ್ರೂ ಭಾಷೆಯ ಕ್ರಮಬದ್ಧವಾದ ಅಧ್ಯಯನಕ್ಕೆ ಈ ಭಾಗದಲ್ಲಿ ಅನುಕೂಲವೂ ಉಂಟು. 1910ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಬೈಬಲ್ಲಿನ ಮೂಲಭಾಷೆಗಳ ವ್ಯಾಸಂಗಕ್ಕೆ ಹೆಸರಾದುದು. ಬಂಗಾರಪೇಟೆಯಲ್ಲಿಯೇ 1930ರ ದಶಕದಲ್ಲಿ ಆರಂಭವಾದ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿಯು ನಾನಾ ಭಾಷೆಗಳ ಸಭೆಗಳಿಗೆ ಬೋಧಕರನ್ನು ಸಿದ್ಧಗೊಳಿಸುತ್ತ ಬಂದಿದೆ. ಕನ್ನಡ ಬೈಬಲ್ಲಿನ ಮೊದಲ ಪೂರ್ಣ ಭಾಷಾಂತರವಾದರೋ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದೀರ್ಘಶ್ರಮದಿಂದ, ಕನ್ನಡ ನಿಘಂಟುಕಾರರೂ ಆದ ವಿಲಿಯಂ ರೀವ್ ಅವರ ಸಹಕಾರದಿಂದ, 1830ರ ದಶಕದ ಆದಿಭಾಗದಲ್ಲಿ ಮುಗಿದುದು.

ಅಕ್ಷರವನ್ನು ಹಿಡಿದು ಶಾಸ್ತ್ರವನ್ನು ಬಾಯಿಗೆ ತಂದುಕೊಳ್ಳುವುದು ಗಣಿಯೂರಿಗೆ ಹೊರಗಿನಿಂದ ಬಂದ ಹೊಸ ಸಂಗತಿಯಾಗಿರಲಿಲ್ಲ. ತಮಿಳು ಕವಯಿತ್ರಿ ಔವೈಯಾರ್ ರಚಿಸಿದಳೆಂದು ಪ್ರಸಿದ್ಧವಾದ ಆತ್ತಿಚೂಡಿಯ 109 ಸೂತ್ರಗಳೂ ಕೊನ್ರೈವೇಂದನ್‌ನ 91 ಸೂತ್ರಗಳೂ ತಮಿಳು ಅಕ್ಷರಗಳ ಕ್ರಮವನ್ನೇ ಅನುಸರಿಸುತ್ತವೆ. ತಿಣ್ಣೆಶಾಲೆಗಳಲ್ಲಿ ಅಕ್ಷರವನ್ನೂ ನೀತಿಯನ್ನೂ ಒಟ್ಟಿಗೆ ಕಲಿಸಿದ ಗ್ರಂಥಗಳಿವು. ಪದಾದಿಯಲ್ಲಿ ಬಾರದ ಙಕಾರಕ್ಕೆ ಆತ್ತಿಚೂಡಿಯು ಆ ಅಕ್ಷರವನ್ನೇ ಹೆಸರಿಸಿ ಸೂತ್ರ ಕಟ್ಟಿರುವುದು, ವಾವ್ ಗುಚ್ಛದಲ್ಲಿ ಹೀಬ್ರೂ ಕವಿ ತೋರಿದ ಜಾಣ್ಮೆಗೆ ಹೆಗಲೆಣೆಯಾಗಿದೆ. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದ ಅಯೋತಿದಾಸ ಪಂಡಿತರು (1845-1914) ಔವೈಯಾರಳ ಈ ಸೂತ್ರಗಳಿಗೆ ಬೌದ್ಧಧರ್ಮಪರವಾದ ವ್ಯಾಖ್ಯಾನವನ್ನು ಬರೆದು ಅವುಗಳನ್ನು ಧರ್ಮಶಾಸ್ತ್ರದ ಪದವಿಗೆ ಏರಿಸಿದರು. ಅವರ ಸಂಘಕ್ಕೆ ಮಾರಿಕುಪ್ಪದಲ್ಲಿ ಬಲವಾದ ಶಾಖೆಯಿದ್ದಿತು. ಅವರ ಬರಹಗಳನ್ನು ಅನಂತರದ ಕಾಲದಲ್ಲಿ ಉಳಿಸಿ ಪ್ರಚಾರಮಾಡಿದ ಸಿದ್ಧಾರ್ಥ ಪುತ್ತಗಶಾಲೈ ಎಂಬ ಪ್ರಕಟನಾಲಯವೂ ಚಿನ್ನದ ಗಣಿಯ ಸೀಮೆಯದೇ. ಒಂದೇ ಲೈನಿನ ಒಂದು ಮನೆಯಲ್ಲಿ ಕೀರ್ತನೆಗಳೂ ಇನ್ನೊಂದರಲ್ಲಿ ಆತ್ತಿಚೂಡಿಯೂ ಮಕ್ಕಳ ಬಾಯಲ್ಲಿ ನಲಿಯಬಹುದಾಗಿದ್ದ ಊರು ಇದು. ಅಕ್ಷರಕಲಿಕೆಯಿಂದ ಬಹುಕಾಲ ದೂರವಿರಿಸಲ್ಪಟ್ಟಿದ್ದ ಜನವು ಅಕ್ಷರಮಾಲೆಯನ್ನೇ ಧರ್ಮದ ಏಣಿಯನ್ನಾಗಿ ಮಾಡಿಕೊಂಡ ಈ ಚರಿತ್ರೆಯು ಕರ್ನಾಟಕದ ವಿದ್ವಾಂಸರಿಂದ ಇನ್ನೂ ಹೆಚ್ಚಿನ ಗಮನವನ್ನು ಪಡೆಯತಕ್ಕದ್ದು.

ಊರಿನ ಉರ್ದು ಮಾತಾಡುವ ಮುಸಲ್ಮಾನರ ನಡುವೆ ಹೀಬ್ರೂ ಅಕ್ಷರಕ್ರಮದ ನೇರವಾದ ದಾಯಾದಿಯೊಂದಿದೆ. ಅಬ್ಜದ್ ಎಂಬ ಅರಬಿ ಎಣಿಕೆಯಲ್ಲಿ ಮೊದಲ 22 ಅಕ್ಷರಗಳು ಆಲೆಫ್-ಬೇತ್ ಕ್ರಮದಲ್ಲಿಯೇ ಸಾಗುತ್ತವೆ. ಹೀಬ್ರೂವಿನಲ್ಲಿರುವಂತೆ ಅಲ್ಲಿಯೂ ಪ್ರತಿಯೊಂದಕ್ಕೆ ಸಂಖ್ಯಾಮೌಲ್ಯವಿದೆ. ಅಂಗಡಿಗಳ ಹಲಗೆಯ ಮೇಲೂ ಲಾರಿಗಳ ಹಣೆಯ ಮೇಲೂ ಕಾಣುವ 786 ಎಂಬ ಅಂಕಿಯು ಬಿಸ್ಮಿಲ್ಲಾ ವಾಕ್ಯದ ಅಕ್ಷರಗಳ ಒಟ್ಟು ಮೊತ್ತ. ಅಕ್ಷರಕ್ಕೆ ಸಂಖ್ಯೆಯನ್ನು ಕಟ್ಟುವ ಕಟಪಯಾದಿ ವಿಧಾನ ನಮ್ಮ ಸಂಗೀತಗಾರರಿಗೆ ಸುಪರಿಚಿತ: ಮೇಚಕಲ್ಯಾಣಿಯ ಮಕಾರ 5, ಚಕಾರ 6, ತಿರುಗಿಸಿದರೆ 65ನೆಯ ಮೇಳ. ನ, ಮ, ಶಿ, ವ, ಯ ಎಂಬ ಅಕ್ಷರಗಳಿಂದ ಒಂದೊಂದು ಶ್ಲೋಕವನ್ನು ಆರಂಭಿಸುವ ಶಿವಪಂಚಾಕ್ಷರ ಸ್ತೋತ್ರವನ್ನು ಬಾಲ್ಯದಲ್ಲಿ ಕಲಿತವರಿಗೆ, ಮುಂದಿನ ಶ್ಲೋಕವನ್ನು ಮಂತ್ರವೇ ನೆನಪುಮಾಡಿಕೊಡುವ ಅನುಭವವಿರುತ್ತದೆ. ವೇದಪಾಠಿಗಳ ಕ್ರಮ, ಜಟೆ, ಘನಗಳು ಅಕ್ಷರಮಾಲೆಯ ಗೊಡವೆಗೆ ಹೋಗದೆ ಪದಗಳನ್ನೇ ಹಿಂದುಮುಂದಾಗಿ ಹೆಣೆದು ಪಾಠವನ್ನು ಕಾಯುತ್ತವೆ. ಇದು ಬೇರೆಯೇ ದಾರಿ, ಇನ್ನೂ ಕಠಿಣವಾದುದು.

ಹೀಬ್ರೂ ಅಕ್ಷರಗಳಿಗೆ ಎತ್ತು, ಮನೆ, ಬಾಗಿಲು, ಕೈ, ನೀರು, ಕಣ್ಣು, ಬಾಯಿ, ತಲೆ, ಹಲ್ಲು ಮುಂತಾದ ವಸ್ತುಗಳ ಹೆಸರುಗಳಿರುವುದನ್ನು ಹಿಡಿದು, ಪ್ರತಿಗುಚ್ಛದಲ್ಲಿಯೂ ಆ ವಸ್ತುವಿನ ಗೂಢಾರ್ಥವನ್ನು ಹುಡುಕುವ ಬೋಧಕರು ಎಲ್ಲೆಡೆಯೂ ಇದ್ದಾರೆ. ಬೇತ್ ಎಂದರೆ ಮನೆ, ಆದ್ದರಿಂದ ವಾಕ್ಯಕ್ಕೆ ಹೃದಯವೇ ಮನೆ ಎಂದು ಮಕ್ಕಳಿಗೆ ಹೇಳಿಕೊಡುವುದರಲ್ಲಿ ಬಾಧಕವಿಲ್ಲ. ನೆನಪಿಗೆ ಅದು ಒಳ್ಳೆಯ ಸಹಾಯ. ಕವಿಯ ಉದ್ದೇಶವೇ ಅದೆಂದು ಸಾಧಿಸಹೊರಟರೆ ಮಾತ್ರ ಆಧಾರ ಸಾಲದು. ಬೇತ್ ಗುಚ್ಛದ ಬಕಾರಗಳು ವಿಭಕ್ತಿಗಾಗಿ ಬಂದವೆಂಬುದನ್ನು ಮೇಲೆಯೇ ಕಂಡಿದ್ದೇವೆ. ಕುರುಹನ್ನು ಸಿದ್ಧಾಂತವನ್ನಾಗಿ ಮಾಡಿದಲ್ಲಿ ಶಾಸ್ತ್ರವೂ ಸ್ಮೃತಿಯೂ ಎರಡೂ ಸೊರಗುತ್ತವೆ.

ಅಕ್ಷರಕ್ರಮವನ್ನು ಭಾಷಾಂತರದಲ್ಲಿಯೇ ಮರುಸೃಷ್ಟಿಸುವ ಸಾಹಸವೂ ನಡೆದಿದೆ. ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಂಡಿತರು 20ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲಿಷಿಗೆ ಬೈಬಲನ್ನು ತಂದಾಗ ಇಂಥ ಕೀರ್ತನೆಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿಯೇ ಹೊಂದಿಸಿದರು. ಕನ್ನಡದಲ್ಲಿ ಅದನ್ನು ಮಾಡಹೊರಟವರಿಗೆ ಙ, ಞ, ಣ, ಳಗಳು ಪದಾದಿಯಲ್ಲಿ ಬಾರದಿರುವುದು ಅಡ್ಡಿಯಾಗಲಾರದು, ಆರಿಸಬೇಕಾದುದು 22 ಅಕ್ಷರಗಳನ್ನಷ್ಟೆ. ನಮ್ಮ ವಾಕ್ಯದ ಪದಗಳು ಸ್ಥಾನ ಬದಲಿಸಲು ಸುಲಭವಾಗಿ ಒಪ್ಪುವುದರಿಂದ ಬೇಕಾದ ಪದವನ್ನು ಮುಂದಕ್ಕೆ ತರುವುದೂ ಸಾಧ್ಯ. ನಿಜವಾದ ತೊಡಕು ಕಿವಿಯದು. ಕನ್ನಡ ಪದ್ಯದ ನೆನಪು ಪಾದದ ಮೊದಲಕ್ಷರದಲ್ಲಿ ನಿಲ್ಲುವುದಕ್ಕಿಂತ ಎರಡನೆಯ ಅಕ್ಷರದಲ್ಲಿ ನೆಲೆನಿಲ್ಲುತ್ತದೆ. ಕವಿರಾಜಮಾರ್ಗದ ಕಾಲಕ್ಕಾಗಲೇ ಲಕ್ಷಣಕಾರರ ಚರ್ಚೆಗೆ ಒಳಗಾಗಿದ್ದ ದ್ವಿತೀಯಾಕ್ಷರಪ್ರಾಸವೇ ನಮ್ಮಲ್ಲಿ ಸಾಲನ್ನು ಸಾಲಿಗೆ ಕಟ್ಟುವ ಹುರಿ. ಷಟ್ಪದಿಯ ಆರು ಪಾದಗಳಲ್ಲಿಯೂ ಒಂದೇ ಪ್ರಾಸಾಕ್ಷರವಿರುವುದರಿಂದಲೇ ಗಮಕಿಗಳು ಕುಮಾರವ್ಯಾಸನ ನೂರಾರು ಪದ್ಯಗಳನ್ನು ತಡವರಿಸದೆ ಒಪ್ಪಿಸಬಲ್ಲರು. 119ನೆಯ ಕೀರ್ತನೆಯ ಒಂದು ಗುಚ್ಛವು ಷಟ್ಪದಿಗಿಂತ ಎರಡು ಸಾಲು ಮಾತ್ರ ದೊಡ್ಡದು. ಗುಚ್ಛಕ್ಕೊಂದು ಪ್ರಾಸಾಕ್ಷರವನ್ನು ಇಟ್ಟು, ಕಕಾರದಿಂದ ಮೊದಲ್ಗೊಂಡು ಕನ್ನಡ ವ್ಯಂಜನಗಳ ಕ್ರಮದಲ್ಲಿಯೇ 22 ಪ್ರಾಸಗಳನ್ನು ನಡೆಸಿಕೊಂಡು ಹೋದರೆ, ಆ ಕೀರ್ತನೆಯು ಹೀಬ್ರೂ ಕಿವಿಗೆ ಎಷ್ಟು ಸ್ಮರಣೀಯವೋ ಕನ್ನಡದ ಕಿವಿಗೂ ಅಷ್ಟೇ ಸ್ಮರಣೀಯವಾದೀತು. ಪ್ರಾಸದ ಸ್ಥಾನದಲ್ಲಿ ಣಕಾರ, ಳಕಾರಗಳಿಗೂ ಧಾರಾಳವಾಗಿ ಪದಗಳು ಸಿಕ್ಕುತ್ತವೆ.